ಉಳಿದ ಬಣ್ಣ

ಊರಿನವರೊಂದಿಗೆ ಒಂದು ಜಗಳ ತೆಗೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ. ಹೊರನಾಡಿನಲ್ಲಿರುವ ನಾವು ಊರಿನ ಬಗ್ಗೆ ಬರೆಯಲು ಕುಳಿತರೆ ಸಾಮಾನ್ಯವಾಗಿ ಕಣ್ಣಲ್ಲಿ ನೀರು ತಂದುಕೊಳ್ಳುತ್ತೇವೆ. ಮೊದಲ ಮಳೆ, ಮಣ್ಣಿನ ವಾಸನೆ, ಅವ್ವನ ಕೈಯ ರೊಟ್ಟಿ, ಎಲ್ಲ ಸಾಲಾಗಿ ಬಂದು ಹೋಗುತ್ತವೆ. ಈ ಸಲ ಅದನ್ನೆಲ್ಲ ಬದಿಗಿಟ್ಟಿದ್ದೇನೆ. ಮದುವೆಯಾಗಿ 1990ರಲ್ಲಿ ಪುಣೆಗೆ ಬಂದವಳು ನಾನು. ಇಷ್ಟು ವರ್ಷ ದೂರವಿದ್ದವಳಿಗೆ ಊರಿನವರನ್ನು ಬೈಯುವ ಹಕ್ಕಿದೆಯೋ ಇಲ್ಲವೋ, ಅದನ್ನು ಆಮೇಲೆ ನೋಡೋಣ. ಮೊದಲು ತಕರಾರು ಕೇಳಿ. ನಿಮ್ಮ ಮನೆಯಲ್ಲಿ ಉಳಿದಿರುವ ಹಳೆಯ ಮರದ ಸಾಮಾನಿಗೆ ದಯವಿಟ್ಟು ಆಯಿಲ್ ಪೇಂಟ್ ಹೊಡೆಯಬೇಡಿ.

"ಇಷ್ಟಕ್ಕ ಜಗಳಾ ಏನ್ರಿ?" ಅಂತ ನೀವು ಕೇಳಬಹುದು. ಹೌದು, ಇಷ್ಟಕ್ಕೇ.

ನಮ್ಮ ಕಡೆ, ಅಂದರೆ ಧಾರವಾಡದ ಸುತ್ತಮುತ್ತ, ಮನೆಗೆ ಬಣ್ಣ ಹೊಡೆಸುವುದು ಹಬ್ಬಕ್ಕೆ, ಮದುವೆಗೆ. ಪೇಂಟರು ಬರುತ್ತಾನೆ, ಗೋಡೆ ಮುಗಿಯುತ್ತದೆ, ಗೇಟು ಮುಗಿಯುತ್ತದೆ, ಕೊನೆಗೆ ಡಬ್ಬಿಯ ತಳದಲ್ಲಿ ಸ್ವಲ್ಪ ಬಣ್ಣ ಉಳಿಯುತ್ತದೆ. ಈ ಉಳಿದ ಬಣ್ಣವೇ ನನ್ನ ವೈರಿ. ಕಾಸು ಕೊಟ್ಟು ತಂದದ್ದು, ಚೆಲ್ಲಲು ಯಾರಿಗೂ ಮನಸ್ಸಿಲ್ಲ. ಪೇಂಟರು ಕುಂಚ ಹಿಡಿದು ಅಂಗಳದಲ್ಲಿ ನಿಂತು ಸುತ್ತ ನೋಡುತ್ತಾನೆ. "ಮತ್ತೇನರ ಐತೇನ್ರಿ?" ಅನ್ನುತ್ತಾನೆ. ಆಗ ಒಳಗಿನಿಂದ ಒಂದೊಂದಾಗಿ ಬರುತ್ತವೆ ನೋಡಿ: ಅಜ್ಜಿಯ ಮರದ ಪೆಟ್ಟಿಗೆ, ಊಟದ ಮಣೆ, ಗೂಡಿನ ಬಾಗಿಲು, ಅಟ್ಟದ ಏಣಿ. ಒಂದೇ ದಿನದಲ್ಲಿ ಎಲ್ಲವೂ ಗೇಟಿನ ಬಣ್ಣಕ್ಕೆ ತಿರುಗುತ್ತವೆ. ಗೇಟು ಹಸಿರಾದರೆ ಅಜ್ಜಿಯ ಪೆಟ್ಟಿಗೆ ಹಸಿರು, ಗೇಟು ಕಂದಾದರೆ ಪೆಟ್ಟಿಗೆಯೂ ಕಂದು. ಸಂಜೆಗೆ ಮನೆಯವರು ಸೊಂಟದ ಮೇಲೆ ಕೈಯಿಟ್ಟುಕೊಂಡು ನೋಡಿ, "ಹೊಸಾದು ಆತು" ಅನ್ನುತ್ತಾರೆ.

ನಮ್ಮ ಮನೆಯಲ್ಲಿ ಹೀಗೆ "ಹೊಸಾದು" ಆದದ್ದು ಒಂದು ತೊಟ್ಟಿಲು.

ಕಲಘಟಗಿಯ ತೊಟ್ಟಿಲು ಎಂದರೆ ನಮ್ಮ ಭಾಗದವರಿಗೆ ವಿವರಿಸಬೇಕಾಗಿಲ್ಲ. ಉಳಿದ ಜಿಲ್ಲೆಗಳ ಓದುಗರಿಗಾಗಿ ಎರಡು ಮಾತು. ಧಾರವಾಡ ಜಿಲ್ಲೆಯ ಕಲಘಟಗಿಯಲ್ಲಿ ಸಾಗವಾನಿ ಕಟ್ಟಿಗೆಯಿಂದ ತೊಟ್ಟಿಲು ಮಾಡಿ, ಅದರ ಮೇಲೆ ಅರಗಿನ ಬಣ್ಣದಲ್ಲಿ ರಾಮಾಯಣ, ಮಹಾಭಾರತದ ಚಿತ್ರಗಳನ್ನು, ಬಳ್ಳಿ, ಹೂವು, ಹಕ್ಕಿಗಳನ್ನು ಬರೆಯುತ್ತಾರೆ. ಹೆಣ್ಣುಮಗಳ ಮೊದಲ ಹೆರಿಗೆಗೆ ತವರಿನವರು ಈ ತೊಟ್ಟಿಲು ಕೊಡುವುದು ದೊಡ್ಡ ಮರ್ಯಾದೆಯ ಸಂಗತಿ. ನಾನು ಹುಟ್ಟಿದ್ದು 1966ರಲ್ಲಿ, ಅವ್ವನ ಚೊಚ್ಚಲ ಮಗು. ಅವ್ವನ ಅಪ್ಪ ಕಲಘಟಗಿಗೆ ಹೋಗಿ, ಹೇಳಿ ಮಾಡಿಸಿ, ಚಕ್ಕಡಿಯಲ್ಲಿ ಹುಲ್ಲು ಹಾಸಿ ತೊಟ್ಟಿಲು ತಂದನಂತೆ. ಅದರ ತಲೆಕಡೆಯ ಹಲಗೆಯ ಮೇಲೆ ಬೆಣ್ಣೆ ಕೃಷ್ಣ. ಒಂದು ಉದ್ದನೆಯ ಬದಿಯಲ್ಲಿ ಏಳು ಗಿಳಿಗಳು. ನನ್ನ ನಂತರ ಹುಟ್ಟಿದ ತಮ್ಮನನ್ನು ತೂಗುತ್ತ ಆ ಗಿಳಿಗಳನ್ನು ಎಣಿಸಿಯೇ ನಾನು ಏಳರವರೆಗೆ ಲೆಕ್ಕ ಕಲಿತದ್ದು. ಎಂಟು ಕಲಿಯಲು ಶಾಲೆಗೆ ಹೋಗಬೇಕಾಯಿತು ಎಂದು ಅಪ್ಪ ನಗೆಯಾಡುತ್ತಿದ್ದ.

ಮುಂದೆ 1992ರಲ್ಲಿ ನನ್ನ ಮಗಳನ್ನೂ ತವರಿನಲ್ಲಿ ಅದೇ ತೊಟ್ಟಿಲಿಗೆ ಹಾಕಿ ಹೆಸರಿಟ್ಟೆವು. ಆಮೇಲೆ ಅದು ಅಟ್ಟ ಸೇರಿತು. ಮಗಳ ಹೆರಿಗೆ 2016ರಲ್ಲಿ, ಪುಣೆಯ ನಮ್ಮ ಮನೆಯಲ್ಲಿ. ಫೋನು ಮಾಡಿ ತಮ್ಮನಿಗೆ ಹೇಳಿದೆ: "ಬೆಳ್ಳಿ ಉಡದಾರಾ ಬ್ಯಾಡೋ, ಬಂಗಾರದ ಉಂಗುರಾ ಬ್ಯಾಡ. ಆ ತೊಟ್ಟಲಾ ಒಂದು ಕಳಸು."

ಕಳಿಸಿದ. ಖಾಸಗಿ ಬಸ್ಸಿನ ಡಿಕ್ಕಿಯಲ್ಲಿ, ಬಿಡಿಬಿಡಿಯಾಗಿ, ಹಳೆಯ ಚಾದರಗಳಲ್ಲಿ ಸುತ್ತಿ, ತಾಯಿಯೊಬ್ಬಳು ಕೂಸನ್ನು ಸುತ್ತಿದಂತೆ ಸುತ್ತಿ ಕಳಿಸಿದ. ಗಂಟು ಬಿಚ್ಚಿದೆ. ಒಳಗೆ ಪಳಪಳ ಹೊಳೆಯುವ ಕಡು ಹಸಿರು. ಕೃಷ್ಣನಿಲ್ಲ, ಗಿಳಿಗಳಿಲ್ಲ.

"ಅಕ್ಕಾ, ಹಳೇದು ಭಾಳ ಕರ್ರಗ ಆಗಿತ್ತು. ಹಂಗ ಕಳಸಾಕ ಮನಸ್ಸಾಗಲಿಲ್ಲ. ಗೇಟಿಗೆ ತಂದಿದ್ದು ಅರ್ಧಾ ಡಬ್ಬಿ ಉಳದಿತ್ತು. ನಾನ ಮುಂದ ನಿಂತು ಎರಡು ಕೈ ಹೊಡಿಸೇನಿ. ಹೆಂಗ ಕಾಣಸ್ತದ?" ಅಂತ ಫೋನಿನಲ್ಲಿ ಕೇಳಿದ. ಅವನ ದನಿಯಲ್ಲಿದ್ದ ಸಂತೋಷ ಕೇಳಿ ನನಗೆ ಬಾಯಿ ಬರಲಿಲ್ಲ. "ಛಲೋ ಆಗೇದಪಾ" ಅಂದುಬಿಟ್ಟೆ. ಆ ಸುಳ್ಳಿಗೇ ಈಗ ಪ್ರಾಯಶ್ಚಿತ್ತವಾಗಿ ಇದನ್ನು ಬರೆಯುತ್ತಿದ್ದೇನೆ.

ಸರಿ, ಚಿತ್ರ ಹೋಯಿತು, ತೊಟ್ಟಿಲು ಉಳಿಯಿತಲ್ಲ ಎಂದು ಸಮಾಧಾನ ಮಾಡಿಕೊಂಡು ತೂಗುಹಾಕಿದೆವು. ಮೊಮ್ಮಗನಿಗೆ ಏಳು ತಿಂಗಳಾಗಿ ಹಲ್ಲು ಬರತೊಡಗಿದಾಗ ಅಂಚು ಹಿಡಿದು ಎದ್ದು ಕೂಡಲು ಕಲಿತ. ಒಂದು ಮಧ್ಯಾಹ್ನ ನೋಡುತ್ತೇನೆ, ತೊಟ್ಟಿಲಿನ ಅಂಚನ್ನು ಬಾಯಲ್ಲಿಟ್ಟು ಕಡಿಯುತ್ತಿದ್ದಾನೆ. ತುಟಿಯ ಮೇಲೆ ಹಸಿರು ಚಕ್ಕೆಗಳು.

ಮಕ್ಕಳ ಡಾಕ್ಟರರು ಮೊದಲು ಕೇಳಿದ್ದು, "ಬಣ್ಣ ಯಾವ ಕಾಲದ್ದು?" ಎಂದು. ನನಗೇನು ಗೊತ್ತು? ಗೇಟಿನದು ಅಂದೆ. ಅವರು ತಿಳಿಸಿ ಹೇಳಿದರು: ಹಳದಿ, ಹಸಿರು, ಕೆಂಪು, ಕಿತ್ತಳೆಯಂಥ ಎನಾಮೆಲ್ ಬಣ್ಣಗಳಲ್ಲಿ ಸೀಸದ ಸಂಯುಕ್ತಗಳನ್ನು ಬಳಸುವ ರೂಢಿ ಬಹಳ ಕಾಲದಿಂದ ಇತ್ತು. ಸೀಸ ಮಕ್ಕಳ ಮಿದುಳಿಗೆ ವಿಷ. ರಕ್ತದಲ್ಲಿ ಇಷ್ಟಿದ್ದರೆ ಅಪಾಯವಿಲ್ಲ ಎನ್ನುವ ಯಾವ ಮಟ್ಟವೂ ಗೊತ್ತಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ನಮ್ಮ ದೇಶದಲ್ಲಿ ಮನೆಬಳಕೆಯ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರಬಾರದೆಂಬ ನಿಯಮ ಹೊರಟದ್ದು ಅದೇ 2016ರಲ್ಲಿ, ಜಾರಿಗೆ ಬಂದದ್ದು 2017ರ ನವೆಂಬರ್ 1ರಿಂದ. ನನ್ನ ತಮ್ಮನ ಡಬ್ಬಿ ಅದಕ್ಕೂ ಹಿಂದಿನದು. ರಕ್ತ ಪರೀಕ್ಷೆ ಮಾಡಿಸಿದೆವು. ಹೆಚ್ಚೇನೂ ಇರಲಿಲ್ಲ. ಆದರೆ ವರದಿ ಬರುವವರೆಗಿನ ದಿನಗಳಲ್ಲಿ ನಮ್ಮ ಮನೆಯಲ್ಲಿ ಯಾರೂ ನೆಟ್ಟಗೆ ಊಟ ಮಾಡಲಿಲ್ಲ. ಮಗಳು ನನ್ನ ಮುಖ ನೋಡಲಿಲ್ಲ. ತೊಟ್ಟಿಲು ಬೇಕೆಂದು ಹಟ ಹಿಡಿದವಳು ನಾನೇ ತಾನೆ?

ನಿಮ್ಮ ಮನೆಯಲ್ಲಿ 2017ಕ್ಕಿಂತ ಹಿಂದಿನ ಬಣ್ಣದ ಡಬ್ಬಿ ಅಟ್ಟದ ಮೇಲಿದ್ದರೆ, ಅದು ಗೇಟಿಗೂ ಬೇಡ. ಇನ್ನು ಹಳೆಯ ಬಣ್ಣ ಹೊಡೆದ ಬಾಗಿಲು, ಕಿಟಕಿಗಳನ್ನು ಒಣ ಸ್ಯಾಂಡ್‌ಪೇಪರಿನಿಂದ ಉಜ್ಜುವ ಕೆಲಸವನ್ನು ಮಕ್ಕಳಿರುವ ಮನೆಯಲ್ಲಿ, ಬಸುರಿ ಹೆಣ್ಣುಮಕ್ಕಳು ಇರುವಲ್ಲಿ ಮಾಡಿಸಲೇಬೇಡಿ. ಆ ಧೂಳು ಚಕ್ಕೆಗಿಂತ ಕೆಟ್ಟದ್ದು.

ತೊಟ್ಟಿಲನ್ನು ಇಳಿಸಿದೆವು. ಬಣ್ಣ ತೆಗೆಸೋಣ, ಒಳಗಿನ ಕೃಷ್ಣ ಹೊರಗೆ ಬರುತ್ತಾನೆ ಎಂಬ ಆಸೆ. ನಮ್ಮ ಓಣಿಯ ಸೋಫಾ ಅಂಗಡಿಯವರು ಒಬ್ಬ ಪಾಲಿಶ್‌ನವನನ್ನು ಕಳಿಸಿದರು. ಉತ್ತರ ಪ್ರದೇಶದವನು, ಅಪ್ಪನ ಕಾಲದಿಂದ ಅದೇ ಕೆಲಸ. ಅವನು ತಲೆಕಡೆಯ ಹಲಗೆಯನ್ನು ಬಾಲ್ಕನಿಯಲ್ಲಿಟ್ಟು, ಕೈಗವಸು ಹಾಕಿಕೊಂಡು, ಪೇಂಟ್ ರಿಮೂವರ್ ಹಚ್ಚಿದ. ಅದರ ಗಾಳಿ ಮುಚ್ಚಿದ ಕೋಣೆಯಲ್ಲಿ ಸೇರಿದರೆ ಪ್ರಾಣಕ್ಕೇ ಅಪಾಯ, ಅದಕ್ಕೇ ಬಾಲ್ಕನಿ. ಸ್ವಲ್ಪ ಹೊತ್ತಿಗೆ ಹಸಿರು ಬಣ್ಣ ಕಾದ ಹೆಂಚಿನ ಮೇಲಿನ ದೋಸೆಯಂತೆ ಗುಳ್ಳೆ ಗುಳ್ಳೆಯಾಗಿ ಎದ್ದಿತು. ಅವನು ಪಟ್ಟಿಯಿಂದ ಕೆರೆದು, ಬಟ್ಟೆಯಿಂದ ಒರೆಸಿದ. ಬಟ್ಟೆಯ ಮೇಲೆ ಹಸಿರು ಬಂತು. ಎರಡನೆಯ ಸಲ ಒರೆಸಿದ. ಬಟ್ಟೆಯ ಮೇಲೆ ನೀಲಿ ಬಂತು, ಹಳದಿ ಬಂತು. ನಾನು "ಬಸ್, ಬಸ್!" ಎಂದು ಕೂಗುವ ಹೊತ್ತಿಗೆ ಹಲಗೆಯ ಮೇಲೆ ಬರೀ ಸಾಗವಾನಿ ಕಟ್ಟಿಗೆ ಇತ್ತು. ಐವತ್ತು ವರ್ಷದ ಕೃಷ್ಣ ಚಿಂದಿಬಟ್ಟೆಯಲ್ಲಿದ್ದ.

ಅವನದೇನೂ ತಪ್ಪಿಲ್ಲ. ಎನಾಮೆಲ್ಲನ್ನು ಕರಗಿಸುವಂಥ ಔಷಧಿ ಕೆಳಗಿನ ಅರಗನ್ನು ಬಿಟ್ಟೀತೆ? ಅದಕ್ಕೆ ಕೃಷ್ಣನೂ ಒಂದೇ, ಗೇಟೂ ಒಂದೇ. ಅವತ್ತು ನನಗೆ ಅರ್ಥವಾದದ್ದು ಇಷ್ಟು: ಮರದ ಮೇಲೆ ನಾವು ಹಚ್ಚುವ ಕೆಲವು ವಸ್ತುಗಳನ್ನು ಮತ್ತೆ ತಿದ್ದಬಹುದು, ಕೆಲವನ್ನು ತಿದ್ದಲು ಬರುವುದಿಲ್ಲ. ನಮ್ಮ ಹಿರಿಯರು ತಿಳಿದೋ ತಿಳಿಯದೆಯೋ ತಿದ್ದಲು ಬರುವಂಥವನ್ನೇ ಹಚ್ಚುತ್ತಿದ್ದರು.

ಆ ಪಾಲಿಶ್‌ನವನೇ ನನಗೆ ಮೊದಲ ಗುರುವಾದ. ಕೃಷ್ಣನನ್ನು ಅಳಿಸಿದ ಸಂಕಟಕ್ಕೋ ಏನೋ, ನಾಲ್ಕು ಭಾನುವಾರ ಬಂದು ಕೆಲಸ ಕಲಿಸಿದ. ಚಪಡಾ ಎಂದರೆ ಅರಗಿನ ತೆಳು ಚಕ್ಕೆ. ಅದನ್ನು ಸ್ಪಿರಿಟ್‌ನಲ್ಲಿ ಒಂದು ರಾತ್ರಿ ನೆನೆಹಾಕಿ, ಸೋಸಿ, ಅರಳೆಯನ್ನು ಹತ್ತಿಬಟ್ಟೆಯಲ್ಲಿ ಕಟ್ಟಿದ ಉಂಡೆಯಿಂದ ತಿಕ್ಕುವುದೇ ಹಳೆಯ ಸ್ಪಿರಿಟ್ ಪಾಲಿಶ್. ಅದರ ದೊಡ್ಡ ಗುಣವೆಂದರೆ ಹೊಸ ಕೈ ಹಳೆಯ ಕೈಯನ್ನು ಸ್ವಲ್ಪ ಕರಗಿಸಿ ಅದರೊಳಗೇ ಬೆರೆತುಹೋಗುತ್ತದೆ. ಹತ್ತು ವರ್ಷದ ಮೇಲೆ ಮಾಸಿದರೆ ಕೆರೆಯಬೇಕಾಗಿಲ್ಲ, ಒರೆಸಿ ಮತ್ತೊಂದು ಕೈ ಕೊಟ್ಟರೆ ಸಾಕು. ದೋಷವೂ ಇದೆ, ಮುಚ್ಚಿಡುವುದಿಲ್ಲ. ಬಿಸಿ ಚಹಾದ ಬಟ್ಟಲು ಇಟ್ಟರೆ ಬಿಳಿ ಉಂಗುರ ಬೀಳುತ್ತದೆ, ನೀರು ನಿಂತರೂ ಬೀಳುತ್ತದೆ. ಮೆಲಮೈನ್, ಪಿಯು ಪಾಲಿಶ್‌ಗಳು ನೀರಿಗೆ, ಬಿಸಿಗೆ ಹೆದರುವುದಿಲ್ಲ. ಊಟದ ಟೇಬಲ್ಲಿಗೆ ಅವೇ ವಾಸಿ. ಆದರೆ ಅವು ಎದ್ದುಬಂದರೆ ಇಡೀ ಮೈ ಕೆರೆಯಬೇಕು. ಸ್ಟೇನ್ ಬಣ್ಣದ ಮಾತು ಬೇರೆ. ಅದು ಮರದ ಎಳೆಗಳನ್ನು ಮುಚ್ಚುವುದಿಲ್ಲ, ಒಳಗೆ ಇಳಿಯುತ್ತದೆ. ಬಿಳಿಚಿಕೊಂಡ ಹೊಸ ಕಟ್ಟಿಗೆಗೆ ಒಪ್ಪುತ್ತದೆ. ಆದರೆ ಒಳಗೆ ಇಳಿದದ್ದು ಸುಲಭವಾಗಿ ಹೊರಗೆ ಬರುವುದಿಲ್ಲ. ಸಾಗವಾನಿಗೋ ಬೀಟೆಗೋ ಸ್ಟೇನ್ ಹಚ್ಚುವುದೆಂದರೆ ಚೆಲುವೆಗೆ ಮುಖವಾಡ ಹಾಕಿದ ಹಾಗೆ. ಹಚ್ಚಲೇಬೇಕೆಂದರೆ ಮೊದಲು ಕಾಣದ ಜಾಗದಲ್ಲಿ, ತಳದಲ್ಲಿ ಹಚ್ಚಿ ನೋಡಿ.

ಉಳಿದ ಮೂರು ಬದಿಗಳಿಗೆ ರಿಮೂವರ್ ಮುಟ್ಟಿಸಲಿಲ್ಲ. ಹಳೆಯ ಅರಗಿನ ಮೇಲ್ಮೈ ನುಣುಪಾಗಿದ್ದರೆ ಅದರ ಮೇಲಿನ ಎನಾಮೆಲ್ ಗಟ್ಟಿಯಾಗಿ ಕಚ್ಚಿಕೊಂಡಿರುವುದಿಲ್ಲ. ಒದ್ದೆ ಬಟ್ಟೆಯಿಂದ ತೇವ ಮಾಡುತ್ತ, ಮೂಗಿಗೆ ಮಾಸ್ಕ್ ಕಟ್ಟಿಕೊಂಡು, ಕೆಳಗೆ ಹಳೆಯ ಪತ್ರಿಕೆ ಹಾಸಿ, ಬಿದಿರಿನ ಸೀಳಿನಿಂದ ಉಗುರಿನಗಲ ಉಗುರಿನಗಲ ಎಬ್ಬಿಸಿದೆ. ಮೊಮ್ಮಗನನ್ನು ಆ ಬಾಲ್ಕನಿಗೆ ಬಿಡಲಿಲ್ಲ. ಎರಡು ಮಳೆಗಾಲ ಹಿಡಿಯಿತು. ಊರಿನ ಪೇಂಟರು ಎಲ್ಲೆಲ್ಲಿ ಸ್ಯಾಂಡ್‌ಪೇಪರ್ ತಿಕ್ಕಿದ್ದನೋ ಅಲ್ಲಿ ಗಿಳಿ ಆಗಲೇ ಹೋಗಿತ್ತು. ಅವನು ಬೇಸರಪಟ್ಟು ತಿಕ್ಕದೆ ಬಿಟ್ಟಲ್ಲಿ ಉಳಿದಿತ್ತು. ಸೋಮಾರಿತನವೂ ಒಮ್ಮೊಮ್ಮೆ ಪುಣ್ಯದ ಕೆಲಸ ಮಾಡುತ್ತದೆ. ಏಳು ಗಿಳಿಗಳಲ್ಲಿ ನಾಲ್ಕು ಸಿಕ್ಕವು. ಇನ್ನೆರಡು ಬದಿಗಳಿಗೆ ಕೈ ಹಾಕಲು ನನಗೆ ಧೈರ್ಯ ಬರಲಿಲ್ಲ. ಅವು ಈಗಲೂ ಹಸಿರಾಗಿಯೇ ಇವೆ.

ಈಗ ಕೆಲವರು ಎದ್ದು ನಿಲ್ಲುತ್ತಾರೆಂದು ಗೊತ್ತು. "ನಿಮ್ಮ ಕಲಘಟಗಿ ತೊಟ್ಟಿಲೂ ಬಣ್ಣದ್ದೇ ಅಲ್ಲವೇ? ಮತ್ತೆ ಬಣ್ಣದ ಮೇಲೆ ಇಷ್ಟು ಸಿಟ್ಟೇಕೆ?" ಒಳ್ಳೆಯ ಪ್ರಶ್ನೆ. ನಾನು ಬಣ್ಣದ ವೈರಿಯಲ್ಲ. ಬಣ್ಣದ ಮರಗೆಲಸದಲ್ಲಿ ನಮ್ಮ ನಾಡನ್ನು ಮೀರಿಸುವವರು ಕಡಿಮೆ. ಚನ್ನಪಟ್ಟಣದಲ್ಲಿ ಆಲೆ ಮರದ ತುಂಡನ್ನು ತಿರುಗಣೆಗೆ ಕಟ್ಟಿ, ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ. ಉಜ್ಜುವ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ, ಮೇಲೆ ಎಲೆಯ ಗರಿ ಹಿಡಿದು ಹೊಳಪು ಬರಿಸುತ್ತಾರೆ. ಕೊಪ್ಪಳ ಜಿಲ್ಲೆಯ ಕಿನ್ನಾಳದಲ್ಲಿ ಹಗುರ ಮರದ ಗೊಂಬೆಗೆ ಹುಣಸೆಬೀಜದ ಅಂಟಿನ ಹದ ಕೊಟ್ಟು ಅದರ ಮೇಲೆ ಬಣ್ಣ ಬರೆಯುತ್ತಾರೆ. ಇಲ್ಲಿ ಕೊಂಕಣದ ಸಾವಂತವಾಡಿಯಲ್ಲೂ ಅಂಥ ಅರಗಿನ ಕೆಲಸವಿದೆ. ಇವರೆಲ್ಲ ಯಾವ ಮರಕ್ಕೆ ಯಾವ ಬಣ್ಣ, ಎಷ್ಟು, ಯಾವಾಗ ಎಂದು ಯೋಚಿಸಿ ಹಚ್ಚುವವರು. ಅವರ ಬಣ್ಣ ತೋರಿಸುವುದಕ್ಕಾಗಿ ಇರುವುದು. ನಮ್ಮ ಉಳಿದ ಬಣ್ಣ ಮುಚ್ಚುವುದಕ್ಕಾಗಿ. ಕಪ್ಪಾಯಿತು, ಮುಚ್ಚು. ಬಿರುಕು ಬಿಟ್ಟಿತು, ಮುಚ್ಚು. ಬೀಗರು ಬರುತ್ತಾರೆ, ಮುಚ್ಚು.

ಮುಚ್ಚುವ ಈ ಚಟಕ್ಕೆ ತಕ್ಕ ಶಾಸ್ತಿ ಯಾರು ಮಾಡುತ್ತಾರೆ ಗೊತ್ತೇ? ನಮ್ಮ ಪಟ್ಟಣದ ಅಂಗಡಿಗಳವರು. ಮುಂಬಯಿಯ ಚೋರ್ ಬಜಾರಿನ ಮಟನ್ ಸ್ಟ್ರೀಟಿನಲ್ಲಿ, ಜೋಗೇಶ್ವರಿಯ ಓಶಿವರಾ ಫರ್ನಿಚರ್ ಮಾರ್ಕೆಟ್ಟಿನಲ್ಲಿ ಒಂದು ಸುತ್ತು ಹಾಕಿ ಬನ್ನಿ. ಹಳ್ಳಿಮನೆಗಳಿಂದ ಬಂದ ಕಂಬಗಳು, ಕೆತ್ತಿದ ಬಾಗಿಲು ಚೌಕಟ್ಟುಗಳು, ಪೆಟ್ಟಿಗೆಗಳು ಗೋಡೆಗೆ ಒರಗಿ ನಿಂತಿರುತ್ತವೆ. ಊರಿನಲ್ಲಿ ಗುಜರಿಯವನಿಗೆ ಕೊಟ್ಟದ್ದು ಇಲ್ಲಿ ಶ್ರೀಮಂತರ ದಿವಾನಖಾನೆಗೆ ಹೋಗುತ್ತದೆ. ಪಕ್ಕದಲ್ಲೇ ಇನ್ನೊಂದು ತಮಾಷೆ. ಹೊಸ ಮಾವಿನ ಕಟ್ಟಿಗೆಯ ಮೇಜಿನ ಅಂಚುಗಳಿಗೆ ಮೇಣದಬತ್ತಿ ಉಜ್ಜಿ, ಮೇಲೆ ಬಿಳಿಯೋ ತಿಳಿನೀಲಿಯೋ ಬಣ್ಣ ಹಚ್ಚಿ, ಒಣಗಿದ ಮೇಲೆ ಸ್ಯಾಂಡ್‌ಪೇಪರಿನಿಂದ ಉಜ್ಜುತ್ತಾರೆ. ಮೇಣ ಇದ್ದಲ್ಲಿ ಬಣ್ಣ ಕಿತ್ತುಬಂದು, ನೂರು ವರ್ಷ ಬಳಸಿ ಸವೆದಂತೆ ಕಾಣುತ್ತದೆ. ಅದಕ್ಕೆ ಹೆಚ್ಚಿನ ಬೆಲೆ. ಊರಿನಲ್ಲಿ ಹಳೆಯದು ಹೊಸದಾಗಿ ಕಾಣಲೆಂದು ಬಣ್ಣ, ಇಲ್ಲಿ ಹೊಸದು ಹಳೆಯದಾಗಿ ಕಾಣಲೆಂದು ಬಣ್ಣ. ಇಬ್ಬರ ನಡುವೆ ನಿಜವಾಗಿ ಹಳೆಯದಾದದ್ದಕ್ಕೆ ಮಾತ್ರ ಜಾಗವಿಲ್ಲ.

ನಮ್ಮವರನ್ನೂ ಬಿಡುವುದಿಲ್ಲ. ಪುಣೆ, ಬೆಂಗಳೂರು, ಹೈದರಾಬಾದಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ನಮ್ಮ ಮಕ್ಕಳು ಅಜ್ಜಿಯ ಪೆಟ್ಟಿಗೆಯನ್ನು ಪ್ರೀತಿಯಿಂದಲೇ ತರುತ್ತಾರೆ. ತಂದು, ಬೀಟೆಯ ಮೈಗೆ ಬಿಳಿ ಬಣ್ಣ ಹಚ್ಚಿ, ಮೇಲೆ ಗುಲಾಬಿ ಹೂವಿನ ಕಾಗದ ಅಂಟಿಸಿ, ಟಿವಿ ಕೆಳಗೆ ಇಡುತ್ತಾರೆ. ನನ್ನ ತಮ್ಮ ಗೇಟಿನ ಬಣ್ಣ ಹಚ್ಚಿದ್ದಕ್ಕೂ ಇದಕ್ಕೂ ಏನು ವ್ಯತ್ಯಾಸ? ಅವನದು ಅರ್ಧ ಡಬ್ಬಿಯಲ್ಲಿ ಮುಗಿಯಿತು, ಇವರದು ತುಟ್ಟಿ. ಪ್ಲೈವುಡ್ ಇದೆ, ರಬ್ಬರ್ ಮರವಿದೆ, ಹಳೆಯ ಹಣ್ಣಿನ ಪೆಟ್ಟಿಗೆಗಳಿವೆ. ಕೈ ತುರಿಸಿದರೆ ಅವಕ್ಕೆ ಬಣ್ಣ ಹಚ್ಚಲಿ. ಚಂದ ಕಾಣುತ್ತವೆ, ಯಾರಿಗೂ ನಷ್ಟವಿಲ್ಲ.

ತಮ್ಮನಿಗೆ ಕೊನೆಗೂ ನಿಜ ಹೇಳಿದೆ. ಎರಡು ವರ್ಷವಾದ ಮೇಲೆ, ಪಂಚಮಿ ಹಬ್ಬಕ್ಕೆ ಊರಿಗೆ ಹೋದಾಗ. ಅವನು ಸಿಟ್ಟಾದ, ಆಗಬೇಕಾದದ್ದೇ. "ನೀವು ವರ್ಷಕ್ಕ ಎರಡು ದಿನಾ ಬಂದು, ಫೋಟೋ ತಗೊಂಡು, ಇದನ್ನ ಹಂಗ ಇಡ್ರಿ, ಅದನ್ನ ಮುಟ್ಟಬ್ಯಾಡ್ರಿ ಅಂತ ಹೇಳಿ ಹೋಗ್ತೀರಿ. ಕಸಾ ಹೊಡಿಯವರು ನಾವು. ಹುಳಾ ಹತ್ತಿದ್ರ ನೋಡವರು ನಾವು. ಬಣ್ಣಾ ಹಚ್ಚದಿದ್ರ ಆ ತೊಟ್ಟಲಾ ಇಷ್ಟೊತ್ತಿಗೆ ಒಲಿಗೆ ಹೋಗ್ತಿತ್ತು, ತಿಳೀತಾ?"

ತಿಳಿಯಿತು. ಈ ಮಾತಿಗೆ ಹೊರನಾಡಿನವರು ಯಾರೂ ತಲೆಯೆತ್ತಿ ಉತ್ತರ ಕೊಡಲಾರರು. ಇದ್ದು ನೋಡಿಕೊಳ್ಳುವವರಿಗೆ ಇರುವ ಹಕ್ಕು ಬಿಟ್ಟು ಹೋದವರಿಗಿಲ್ಲ. ಹಳೆಯ ಸಾಮಾನು ಉಳಿಯಬೇಕೆಂದು ನಾವು ಬಯಸುವುದರಲ್ಲಿ ನಮ್ಮ ಬಾಲ್ಯವನ್ನು ನೀವು ಧೂಳು ಹೊಡೆದು ಕಾಯಬೇಕೆಂಬ ಸ್ವಾರ್ಥವೂ ಇದೆ. ಒಪ್ಪಿದೆ. ಆದರೆ ಅವನ ಮಾತಿನಲ್ಲಿ ಒಂದು ತಪ್ಪಿತ್ತು, ಅದನ್ನು ಅವತ್ತೇ ಹೇಳಿದೆ. ಬಣ್ಣದಿಂದ ಹುಳ ನಿಲ್ಲುವುದಿಲ್ಲ. ಗೆದ್ದಲು ಬರುವುದು ನೆಲದಿಂದ, ಗೋಡೆಯಿಂದ. ಬಣ್ಣದ ಕೆಳಗೆ ಹಾಯಾಗಿ ತಿನ್ನುತ್ತದೆ. ಕುಟ್ಟೆಹುಳ ಹಿಡಿದರೆ ಬರಿಯ ಮರದಲ್ಲಾದರೆ ಸಣ್ಣ ತೂತು ಕಾಣುತ್ತದೆ, ಕೆಳಗೆ ಹಿಟ್ಟು ಉದುರುತ್ತದೆ, ನಮಗೆ ಗೊತ್ತಾಗುತ್ತದೆ. ದಪ್ಪ ಬಣ್ಣ ಹಚ್ಚಿದರೆ ತೂತು ಮುಚ್ಚಿಹೋಗಿ, ಒಂದು ದಿನ ಕೈಯಿಟ್ಟಾಗ ಕಂಬ ಬೂರುಗದ ಹತ್ತಿಯಂತೆ ಒಳಗೆ ಹೋಗುತ್ತದೆ. ಹಿತ್ತಲಲ್ಲಿ ಹಸಿರು ಬಣ್ಣದ ಏಣಿ ಒರಗಿತ್ತು. ಅದರ ಕಾಲಿಗೆ ಹೆಬ್ಬೆರಳು ಒತ್ತಿ ತೋರಿಸಿದೆ. ಬೆರಳು ಒಳಗೆ ಹೋಯಿತು. ತಮ್ಮ ಮಾತಾಡಲಿಲ್ಲ.

ಹಾಗಾದರೆ ಏನು ಮಾಡಬೇಕು? ಬೈದು ಸುಮ್ಮನಾದರೆ ಅದು ನ್ಯಾಯವಲ್ಲ, ನಾನು ಮಾಡಿ ನೋಡಿದ್ದನ್ನು ಹೇಳುತ್ತೇನೆ. ಮೊದಲನೆಯದು, ಒರೆಸುವುದು. ನಾವು ಕಪ್ಪು ಎನ್ನುವುದರಲ್ಲಿ ಬಹುಪಾಲು ದೀಪದ ಮಸಿ, ಒಲೆಯ ಹೊಗೆ, ಕೈಯ ಜಿಡ್ಡು. ಬೆಚ್ಚಗಿನ ನೀರಿಗೆ ಒಂದಿಷ್ಟು ಸೌಮ್ಯ ಸಾಬೂನು ಹಾಕಿ, ಬಟ್ಟೆಯನ್ನು ಚೆನ್ನಾಗಿ ಹಿಂಡಿ ಒರೆಸಿ, ಕೂಡಲೇ ಒಣಬಟ್ಟೆಯಿಂದ ಒತ್ತಿ. ನೀರು ಸುರಿಯಬೇಡಿ. ಚಿತ್ರವಿರುವಲ್ಲಿ ಸಾಬೂನೂ ಬೇಡ, ಸ್ಪಿರಿಟ್ಟಂತೂ ಬೇಡವೇ ಬೇಡ. ಒಣ ಮೆತ್ತನೆ ಬಟ್ಟೆ ಸಾಕು. ಅರ್ಧ ಮನೆಗಳಲ್ಲಿ ಕೆಲಸ ಇಲ್ಲಿಗೇ ಮುಗಿಯುತ್ತದೆ, ಕೆಳಗಿನಿಂದ ಮರ ತಾನೇ ನಗುತ್ತ ಬರುತ್ತದೆ.

ಎರಡನೆಯದು, ಒಣಗಿ ಬಿರುಸಾದ ಬರಿಮರಕ್ಕೆ ಎಣ್ಣೆ. ಅಡುಗೆಮನೆಯ ಶೇಂಗಾ ಎಣ್ಣೆ ಹಚ್ಚಬೇಡಿ. ಅದು ಒಣಗುವುದಿಲ್ಲ, ಅಂಟಂಟಾಗಿ ಧೂಳು ಹಿಡಿಯುತ್ತದೆ. ಅಗಸಿ ಎಣ್ಣೆ ಒಣಗುವ ಎಣ್ಣೆ. ಅಗಸಿ ಚಟ್ನಿಯಿಲ್ಲದೆ ರೊಟ್ಟಿ ಮುರಿಯದ ನಮಗೆ ಅದು ಹೊಸದೇ? ಬಟ್ಟೆಯಲ್ಲಿ ತೆಳುವಾಗಿ ಹಚ್ಚಿ, ಅರ್ಧ ಗಂಟೆಯ ಮೇಲೆ ಮೇಲಿನದನ್ನೆಲ್ಲ ಒರೆಸಿ ತೆಗೆದು, ಕೆಲವು ದಿನ ಒಣಗಲು ಬಿಡಬೇಕು. ಒಂದು ಎಚ್ಚರಿಕೆ: ಆ ಎಣ್ಣೆಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ತಾನೇ ಬಿಸಿಯಾಗಿ ಬೆಂಕಿ ಹತ್ತಬಹುದು. ಬಿಡಿಸಿ ಹರಡಿ ಹೊರಗೆ ಒಣಗಿಸಿ. ಹೊಳಪು ಬೇಕೆಂದರೆ ಮೇಲೆ ಜೇನುಮೇಣ ಉಜ್ಜಿ, ಇಲ್ಲವೇ ಅರಗಿನ ಪಾಲಿಶ್ ಕೊಡಿಸಿ.

ಮೂರನೆಯದು, ಹುಳದ ತೂತಿಗೆ ಔಷಧಿಯನ್ನು ಸಿರಿಂಜಿನಿಂದ ಬಿಡಿಸಿ, ಸಾಮಾನಿನ ಕಾಲ ಕೆಳಗೆ ಕಲ್ಲಿನ ಚೂರಿಟ್ಟು ನೆಲದಿಂದ ಎತ್ತಿ. ನಾಲ್ಕನೆಯದು, ಚಿತ್ರವಿದ್ದ ಸಾಮಾನು ಮಾಸಿದ್ದರೆ ಅದನ್ನು ಮಾಡಿದ ಊರಿನವರಿಗೇ ತೋರಿಸಿ. ಕಲಘಟಗಿಯಲ್ಲಿ, ಚನ್ನಪಟ್ಟಣದಲ್ಲಿ, ಕಿನ್ನಾಳದಲ್ಲಿ ಕೆಲಸ ಬಲ್ಲ ಕೈಗಳು ಇನ್ನೂ ಇವೆ. ಅವರಿಗೆ ಕೊಡುವ ನಾಲ್ಕು ಕಾಸು ಗೇಟಿನ ಬಣ್ಣಕ್ಕಿಂತ ಹೆಚ್ಚಾದೀತು, ಆದರೆ ಆ ಕೈಗಳು ಉಳಿಯುವುದೂ ಅದರಿಂದಲೇ.

ಹೊರಬಾಗಿಲು, ಬಿಸಿಲು ಮಳೆಗೆ ತೆರೆದ ಕಿಟಕಿ, ಇವಕ್ಕೆ ಬಣ್ಣ ಬೇಕಾದೀತು. ಬೇಡವೆನ್ನುವುದಿಲ್ಲ. ನನ್ನ ಬೇಡಿಕೆ ಚಿಕ್ಕದು. ಪೇಂಟರು ಕುಂಚ ಹಿಡಿದು ಅಂಗಳದಲ್ಲಿ ನಿಂತು "ಮತ್ತೇನರ ಐತೇನ್ರಿ?" ಎಂದು ಕೇಳಿದಾಗ "ಏನೂ ಇಲ್ಲಪಾ" ಅನ್ನಿ. ಚಹಾ ಕೊಟ್ಟು ಕಳಿಸಿ.

ತೊಟ್ಟಿಲು ಈಗ ನಮ್ಮ ಪುಣೆಯ ಮನೆಯಲ್ಲಿದೆ. ತಲೆಕಡೆ ಬರಿ ಕಟ್ಟಿಗೆ, ಒಂದು ಬದಿ ನಾಲ್ಕು ಗಿಳಿ, ಉಳಿದೆರಡು ಬದಿ ಗೇಟಿನ ಹಸಿರು. ಮಗು ಹಾಕುವಂತಿಲ್ಲ. ತಲೆಕಡೆಯ ಹಲಗೆಯನ್ನು ಕಲಘಟಗಿಗೆ ಕೊಟ್ಟು ಕೃಷ್ಣನನ್ನು ಮತ್ತೆ ಬರೆಸೋಣ ಎಂದು ಮಗಳು ಅನ್ನುತ್ತಾಳೆ. ನನಗೆ ಇನ್ನೂ ಮನಸ್ಸಾಗಿಲ್ಲ. ಮೊಮ್ಮಗ ಶಾಲೆಗೆ ಹೋಗುತ್ತಾನೆ, ಕನ್ನಡ ಅರ್ಧ, ಮರಾಠಿ ಅರ್ಧ. ಚಿಕ್ಕವನಿದ್ದಾಗ ಅವನೂ ಆ ಗಿಳಿಗಳನ್ನೇ ಎಣಿಸಿ ಕಲಿತ. ನಾಲ್ಕಕ್ಕೆ ನಿಲ್ಲುತ್ತಿದ್ದ.

ಕಳೆದ ದೀಪಾವಳಿಗೆ ಮುಂಚೆ ತಮ್ಮನ ಫೋನು ಬಂತು. "ಅಕ್ಕಾ, ಪೇಂಟರ್ ಬಂದಾನ. ದೇವರಮನಿ ಬಾಗಲಾ ಕರ್ರಗ ಆಗೇದ, ಒಂದು ಕೈ ಹೊಡಿತೇನಿ ಅಂತಾನ. ಏನ್ ಹೇಳ್ಲಿ?"

"ಮೊದಲ ಒರಸು ಅಂತ ಹೇಳು" ಅಂದೆ.

ಸಂಜೆ ಮತ್ತೆ ಫೋನು. "ಅಕ್ಕಾ, ಒರಸಿದೆ. ಬಾಗಲದ ಮ್ಯಾಲ ಏನೋ ಕೆತ್ತ್ಯಾರ. ಹಂಸಪಕ್ಷಿ ಇದ್ದಂಗ ಅದ. ನಿನಗ ಗೊತ್ತಿತ್ತೇನ?"

ನನಗೂ ಗೊತ್ತಿರಲಿಲ್ಲ.